ಒಂದು ಇಂಚು ಐದು ಸೆಂಟ್: ಸ್ಕ್ರಿಪ್ಟ್‌ಗಳ ಸಾಮಾನ್ಯ ಫೈಲಿಗೆ ಏನು ಸೇರಬೇಕು, ಏನು ಸೇರಬಾರದು

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟದ ಆಫೀಸುಗಳಲ್ಲಿ, ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಸಂಸ್ಕರಿಸೋ ಕಾರ್ಖಾನೆಗಳು) ಈಗ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬಲ್ಲ ಹುಡುಗ ಹುಡುಗಿಯರು ಇದ್ದಾರೆ. ಮಳೆ ರಿಜಿಸ್ಟರ್ ಕೂಡೋಕೆ ಒಂದು ಸ್ಕ್ರಿಪ್ಟ್, ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ನೋಡಿ ವಾರದ ಬಟವಾಡೆ ತೆಗೆಯೋಕೆ ಒಂದು, ಔಟ್‌ಟರ್ನ್ ಲೆಕ್ಕಕ್ಕೆ (ಒಂದು ಮೂಟೆ ಒಣ ಕಾಫಿ ಹಣ್ಣಿಗೆ ಸಿಪ್ಪೆ ತೆಗೆದ ಬೀಜ ಎಷ್ಟು ಅನ್ನೋದು) ಇನ್ನೊಂದು. ನಾಲ್ಕನೇ ಸ್ಕ್ರಿಪ್ಟ್ ಬರೆಯೋ ಹೊತ್ತಿಗೆ ಎಲ್ಲರಿಗೂ ಒಂದೇ ಆಲೋಚನೆ ಬರುತ್ತೆ: ಪದೇ ಪದೇ ಬೇಕಾಗೋ ಫಂಕ್ಷನ್‌ಗಳನ್ನೆಲ್ಲ 'ಯುಟಿಲ್ಸ್' ಅಂತ ಒಂದು ಫೈಲಿಗೆ ಹಾಕಿಬಿಡೋಣ. ಆಲೋಚನೆ ಸರಿಯೇ. ಆದ್ರೆ ಆ ಫೈಲು ಅಟ್ಟದ ಮೇಲಿನ ಪೆಟ್ಟಿಗೆ ಥರ ಆಗಿಹೋಗುತ್ತೆ, ಎಲ್ಲಿ ಇಡಬೇಕು ಅಂತ ಗೊತ್ತಾಗದ್ದೆಲ್ಲ ಅಲ್ಲಿಗೇ.

ನನ್ನ ಪ್ರಕಾರ ಒಳಗೆ ಬಿಡೋಕೆ ಒಂದೇ ಪರೀಕ್ಷೆ ಸಾಕು. ಒಂದೇ ಪ್ರಶ್ನೆಗೆ ಎರಡು ಸ್ಕ್ರಿಪ್ಟ್ ಬೇರೆ ಬೇರೆ ಉತ್ತರ ಕೊಟ್ಟರೆ ಲೆಕ್ಕ ಕೆಡುತ್ತಾ? ಕೆಡುತ್ತೆ ಅಂದ್ರೆ ಆ ಫಂಕ್ಷನ್ ಸಾಮಾನ್ಯ ಫೈಲಿಗೆ. ಇಲ್ಲಾಂದ್ರೆ ಎರಡು ಕಡೆ ಕಾಪಿ ಇದ್ದರೂ ತಲೆ ಹೋಗಲ್ಲ. ಹತ್ತು ಸಾಲು ಟೈಪ್ ಮಾಡೋದು ಉಳೀತು ಅನ್ನೋದು ಒಂದು ಕಾರಣವೇ ಅಲ್ಲ.

ಮಳೆಯನ್ನೇ ತಗೊಳ್ಳಿ. ನಮ್ಮ ಕಡೆ ಈಗಲೂ ಮಳೆ ಅಂದ್ರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಗುಣಾಕಾರ ಒಂದನೇ ಕ್ಲಾಸಿನ ಹುಡುಗ ಮಾಡದಿದ್ದರೂ ಪೈಥಾನ್ ಮಾಡುತ್ತೆ, ಸಮಸ್ಯೆ ಅದಲ್ಲ. ರೈಟರು (ತೋಟದ ಗುಮಾಸ್ತರು) ರಿಜಿಸ್ಟರಿನಲ್ಲಿ '1.5' ಅಂತ ಬರೆದಿದ್ದಾರೆ. ಅದು ಒಂದು ಇಂಚು ಐದು ಸೆಂಟಾ, ಒಂದೂವರೆ ಇಂಚಾ? ಮೊದಲನೆಯದಾದ್ರೆ 26.67 ಮಿ.ಮೀ., ಎರಡನೆಯದಾದ್ರೆ 38.1. ಇನ್ನೊಂದು ತೋಟದವರು ಸರಿಯಾಗೇ '1.50' ಅಂತ ಕೊಟ್ಟಿರ್ತಾರೆ, ಎಕ್ಸೆಲ್ ಕೊನೇ ಸೊನ್ನೆ ನುಂಗಿ '1.5' ಅಂತ ತೋರಿಸುತ್ತೆ. ಎರಡೂ ಒಂದೇ ಸೆಲ್ಲಿಗೆ ಬಂದು ನಿಂತ ಮೇಲೆ ಯಾವ ಫಂಕ್ಷನ್ನಿಗೂ ಅದನ್ನ ಬಿಡಿಸೋಕಾಗಲ್ಲ. ಹಾಗಾಗಿ ಸಾಮಾನ್ಯ ಫೈಲಿನ ಮಳೆ ಫಂಕ್ಷನ್ ಒಂದೇ ಸಂಖ್ಯೆ ತಗೋಬಾರದು. ಇಂಚು ಬೇರೆ, ಸೆಂಟು ಬೇರೆ, ಎರಡು ಆರ್ಗ್ಯುಮೆಂಟ್. ಸೆಂಟು 0ರಿಂದ 99ರ ಒಳಗಿಲ್ಲಾಂದ್ರೆ ವ್ಯಾಲ್ಯೂ ಎರರ್ ಎಸೀಬೇಕು. ಎಕ್ಸೆಲ್ಲಿನಲ್ಲೂ ಎರಡು ಕಾಲಂ ಮಾಡಿಸಿ. ರೈಟರು ಒಂದು ವಾರ ಗೊಣಗ್ತಾರೆ, ಆಮೇಲೆ ಅಭ್ಯಾಸ ಆಗುತ್ತೆ.

ಖಾಲಿ ಸೆಲ್ಲಿನ ಕಥೆಯೂ ಇಲ್ಲೇ ಇತ್ಯರ್ಥ ಆಗಬೇಕು. 'ನಿಲ್' ಅಂದ್ರೆ ಮಳೆ ಬರಲಿಲ್ಲ, ಅದು ಸೊನ್ನೆ. ಏನೂ ಬರೆದಿಲ್ಲ ಅಂದ್ರೆ ಅಳೆದಿಲ್ಲ, ಅದಕ್ಕೆ ಪೈಥಾನಿನ 'ನನ್' (None, NaN ಅಲ್ಲ) ವಾಪಸ್ ಕೊಡಿ. ಇಲ್ಲಿ ಒಂದು ಗುಂಡಿ ಇದೆ: ಕರೆಯೋ ಸ್ಕ್ರಿಪ್ಟಿನಲ್ಲಿ ಬರೀ 'ಇಫ್ ಮಳೆ' ಅಂತ ಕೇಳಿದರೆ ಸೊನ್ನೆಯೂ 'ನನ್'ನೂ ಎರಡೂ ಸುಳ್ಳು ಅಂತಲೇ ಲೆಕ್ಕ. ಮಳೆ ಇಲ್ಲದ ಫೆಬ್ರವರಿ ಪೂರ್ತಿ 'ಅಳೆದಿಲ್ಲ' ಪಟ್ಟಿಗೆ ಹೋಗುತ್ತೆ. 'ಈಸ್ ನಾಟ್ ನನ್' ಅಂತಲೇ ಬಿಡಿಸಿ ಕೇಳಬೇಕು. ಹೂಮಳೆ (ಕಾಫಿ ಹೂ ಅರಳಿಸೋ ಮಳೆ), ಬ್ಯಾಕಿಂಗ್ ಮಳೆ (ಅದಾದ ಮೇಲೆ ಕಾಯಿ ಕಟ್ಟೋಕೆ ಬೇಕಾದ ಮಳೆ) ನಡುವಿನ ದಿನ ಎಣಿಸೋ ಸ್ಕ್ರಿಪ್ಟಿಗೆ ಇದೇ ಜೀವಾಳ. ತಾರೀಕೂ ಹಾಗೇ. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಗ್ಗೆ 8:30ಕ್ಕೆ ಅಳೆದ ಹಿಂದಿನ 24 ಗಂಟೆಯ ಮಳೆ, ಅಳೆದ ದಿನದ ಲೆಕ್ಕಕ್ಕೆ. ಕೆಲವು ತೋಟಗಳಲ್ಲಿ ಅದನ್ನ ಹಿಂದಿನ ದಿನಕ್ಕೆ ಬರೀತಾರೆ. ಯಾವುದನ್ನಾದರೂ ಆರಿಸಿ, ಆದರೆ ಒಂದೇ ಕಡೆ ಆರಿಸಿ.

ಔಟ್‌ಟರ್ನಿನಲ್ಲೂ ಇದೇ ಜಗಳ. ವ್ಯಾಪಾರದಲ್ಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಔಟ್‌ಟರ್ನ್ 26 ಅಂದ್ರೆ 50 ಕೆಜಿ ಮೂಟೆಗೆ 26 ಕೆಜಿ ಕ್ಲೀನ್ ಕಾಫಿ. ಶೇಕಡಾದಲ್ಲಿ ಅದೇ 52. 'ಸಂಖ್ಯೆ 50ಕ್ಕಿಂತ ಕಡಿಮೆ ಇದ್ರೆ ಎರಡರಿಂದ ಗುಣಿಸು' ಅಂತ ಜಾಣತನದ ಒಂದು ಸಾಲು ಹಾಕ್ತಾರೆ ನೋಡಿ, ಅದೇ ಕೈ ಕೊಡೋದು. ಚೆರಿ ಅಷ್ಟು ಚೆನ್ನಾಗಿಲ್ಲದೆ ಶೇಕಡಾ 48 ಬಂದಿದ್ದರೆ ಅದು 96 ಆಗಿ ಕೂರುತ್ತೆ. ಸಾಮಾನ್ಯ ಫೈಲು ಊಹೆ ಮಾಡೋ ಜಾಗ ಅಲ್ಲ. ಕೆಜಿಯಿಂದ ಒಂದು ಫಂಕ್ಷನ್, ಶೇಕಡಾದಿಂದ ಒಂದು, ಹೆಸರಿನಲ್ಲೇ ಅಳತೆ ಕಾಣಬೇಕು.

ಇನ್ನು ಊರಿನ ಹೆಸರು. ಕನ್ನಡದಲ್ಲಿ ಡೇಟಾ ಇಟ್ಟವರಿಗೆ ಮಾತ್ರ ಗೊತ್ತಿರೋ ಸಂಕಟ ಇದು. 'ಕೊಪ್ಪ' ಅನ್ನೋದರ 'ಕೊ' ಒಳಗಿನ ಒತ್ವವನ್ನ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎರಡನ್ನು ಜೋಡಿಸಿಯೂ ಇಡಬಹುದು. ಪರದೆ ಮೇಲೆ ಎರಡೂ ಕೊಪ್ಪವೇ. ಪೈಥಾನಿಗೆ ಎರಡು ಬೇರೆ ಊರು. ಮೊತ್ತದ ಪಟ್ಟಿಯಲ್ಲಿ ಕೊಪ್ಪ ಎರಡು ಸಲ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ 'ಎನ್‌ಎಫ್‌ಸಿ' ಕೊಟ್ಟರೆ ಎರಡೂ ಒಂದಾಗುತ್ತೆ. ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್ (ಎರಡು ಅಕ್ಷರ ಒತ್ತಾಗಿ ಕೂಡದಂತೆ ತಡೆಯೋ ಚಿಹ್ನೆ) ಮಾತ್ರ ಇದರಿಂದ ಹೋಗಲ್ಲ, 'ಸ್ಟ್ರಿಪ್'ನಿಂದಲೂ ಹೋಗಲ್ಲ, ಹುಡುಕೋ ಕೀ ತಯಾರಿಸುವಾಗ ಕೈಯಾರೆ ತೆಗೀಬೇಕು. ತೋರಿಸೋ ಹೆಸರಿನಿಂದ ತೆಗೀಬೇಡಿ, ಅರ್ಕಾವತ್ತು, ಒತ್ತಕ್ಷರ ಬೇಡದ ಕಡೆ ಮೂಡಿಬಿಡುತ್ತೆ. ಹಳೇ ನುಡಿ ಫಾಂಟಿನ ಫೈಲುಗಳನ್ನ ಯೂನಿಕೋಡಿಗೆ ತರೋ ಕೆಲಸ ಇಲ್ಲಿ ಬೇಡವೇ ಬೇಡ. ಅದು ಒಂದು ಸಲ ಮಾಡಿ ಮುಗಿಸೋ ಕೆಲಸ.

ಟರ್ಮಿನಲ್ಲಿನಲ್ಲಿ ಕಾಲಂ ನೇರ ಮಾಡೋ ಫಂಕ್ಷನ್ ಬರೆದು ಹೊತ್ತು ಹಾಳು ಮಾಡಬೇಡಿ. 'ಹಾಸನ' ಕಣ್ಣಿಗೆ ಮೂರು ಅಕ್ಷರ, 'ಲೆನ್' ಕೇಳಿದರೆ 4. 'ಚಿಕ್ಕಮಗಳೂರು' ಆರು ಅಕ್ಷರ, ಪೈಥಾನ್ ಲೆಕ್ಕಕ್ಕೆ 11. ಹನ್ನೆರಡರ ಅಗಲಕ್ಕೆ ಹೊಂದಿಸಿದರೆ ಹಾಸನಕ್ಕೆ ಎಂಟು ಖಾಲಿ ಜಾಗ, ಚಿಕ್ಕಮಗಳೂರಿಗೆ ಒಂದು, ಸಾಲು ಸೊಟ್ಟ. ಟ್ಯಾಬ್ ಹಾಕಿ ಕಳಿಸಿ, ಎಕ್ಸೆಲ್ಲೇ ನೋಡಿಕೊಳ್ಳಲಿ.

ಸಂಖ್ಯೆ ಓದೋ ಫಂಕ್ಷನ್ ಚಿಕ್ಕದು, ಆದರೆ ಬೇಕೇ ಬೇಕು. '1,25,000' ಕೊಟ್ಟರೆ 'ಫ್ಲೋಟ್' ಬಿದ್ದುಹೋಗುತ್ತೆ, ಕಾಮಾ ತೆಗೆದು ಕೊಡಬೇಕು. ಕನ್ನಡ ಅಂಕಿಗೆ ಹೆದರಬೇಕಿಲ್ಲ, '೧೨೫' ಕೊಟ್ಟರೂ 'ಇಂಟ್' 125 ಅಂತಲೇ ಓದುತ್ತೆ. ಬಟವಾಡೆ ದುಡ್ಡಿಗೆ ಫ್ಲೋಟ್ ಮುಟ್ಟಬೇಡಿ, ಡೆಸಿಮಲ್ ಬಳಸಿ, ಅದೂ ಸ್ಟ್ರಿಂಗಿನಿಂದ ಮಾಡಿ. ಪೈಥಾನಿನ 'ರೌಂಡ್' 2.5ನ್ನ 2 ಮಾಡುತ್ತೆ, 3.5ನ್ನ 4 ಮಾಡುತ್ತೆ, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಎಳೆಯೋದು ಅದರ ನಿಯಮ. ಆಳುಗಳು ಕೇಳೋದು ಎಲ್ಲರಿಗೂ ಒಂದೇ ನಿಯಮ ಯಾಕಿಲ್ಲ ಅಂತ, ಅವರಿಗೆ ಬ್ಯಾಂಕರ್ಸ್ ರೌಂಡಿಂಗ್ ವಿವರಿಸೋಕೆ ಹೋಗಬೇಡಿ. 'ರೌಂಡ್ ಹಾಫ್ ಅಪ್' (ಅರ್ಧ ಬಂದರೆ ಮೇಲಕ್ಕೆ) ಹಾಕಿ ಕ್ವಾಂಟೈಜ್ ಮಾಡಿ.

ಫೈಲ್ ಬರೆಯೋದು ಮಾತ್ರ ಮಲೆನಾಡಿನಲ್ಲಿ ಹುಷಾರಾಗಿ ಮಾಡಬೇಕಾದ ಕೆಲಸ. ಆಷಾಢದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಹಳೇ ಫೈಲನ್ನೇ ತೆರೆದು ಮೇಲೆ ಬರೀತಿರುವಾಗ ಹೋದರೆ ಹಳೇದೂ ಇಲ್ಲ, ಹೊಸದೂ ಇಲ್ಲ. ಕ್ರಮ ಹೀಗೆ: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್, ಅದಕ್ಕೆ ಪೂರ್ತಿ ಬರೆದು ಫ್ಲಶ್, ಆಮೇಲೆ ಓಎಸ್ ಮಾಡ್ಯೂಲಿನ 'ಎಫ್‌ಸಿಂಕ್' (ಬರೆದದ್ದು ಡಿಸ್ಕಿಗೆ ಇಳಿಯೋ ತನಕ ಕಾಯೋದು), ಮುಚ್ಚಿದ ಮೇಲೆ 'ರಿಪ್ಲೇಸ್' (ಹಳೇದರ ಜಾಗಕ್ಕೆ ಹೊಸದು). 'ಅದೇ ಫೋಲ್ಡರ್' ಅನ್ನೋದನ್ನ ಮರೀಬೇಡಿ. ತಾತ್ಕಾಲಿಕ ಫೈಲು ಬೇರೆ ಡಿಸ್ಕಿನಲ್ಲಿದ್ದರೆ ಲಿನಕ್ಸಿನಲ್ಲಿ ರಿಪ್ಲೇಸ್ 'ಕ್ರಾಸ್ ಡಿವೈಸ್' ಅಂತ ಎರರ್ ಕೊಡುತ್ತೆ. ಟೆಂಪ್‌ಫೈಲ್ ಮಾಡ್ಯೂಲ್ ಮಾಡಿಕೊಡೋ ಫೈಲಿನ ಅನುಮತಿ ಲಿನಕ್ಸಿನಲ್ಲಿ 0600, ಅಂದ್ರೆ ಮಾಡಿದವರಿಗೆ ಮಾತ್ರ. ಹಂಚಿಕೊಂಡ ಫೋಲ್ಡರಿನಲ್ಲಿ ಅಕೌಂಟೆಂಟ್ ತೆರೆಯೋಕೆ ಹೋದರೆ ಬಾಗಿಲು ಹಾಕಿರುತ್ತೆ. ಹಳೇ ಫೈಲಿನ ಅನುಮತಿಯನ್ನ ಹೊಸದಕ್ಕೆ ಕಾಪಿ ಮಾಡೋ ಸಾಲು ಸೇರಿಸಿ. ವಿಂಡೋಸಿನಲ್ಲಿ ಯಾರೋ ಆ ಫೈಲನ್ನ ಎಕ್ಸೆಲ್ಲಿನಲ್ಲಿ ತೆರೆದಿಟ್ಟು ಊಟಕ್ಕೆ ಹೋಗಿದ್ದರೆ ಪರ್ಮಿಷನ್ ಎರರ್ ಬರುತ್ತೆ. ಸಿಎಸ್‌ವಿ ಬರೆಯುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಕೊಡಿ, ಇಲ್ಲಾಂದ್ರೆ ಎಕ್ಸೆಲ್ಲಿನಲ್ಲಿ ಕನ್ನಡ ಕಲಸುಮೇಲೋಗರ ಆಗಬಹುದು. 'ನ್ಯೂಲೈನ್' ಖಾಲಿ ಸ್ಟ್ರಿಂಗ್ ಕೊಡಿ, ಇಲ್ಲಾಂದ್ರೆ ವಿಂಡೋಸಿನಲ್ಲಿ ಸಾಲು ಬಿಟ್ಟು ಸಾಲು ಖಾಲಿ.

ಈಗ ಸೇರಬಾರದ್ದು. ಸಾಮಾನ್ಯ ಫೈಲಿನ ಯಾವ ಫಂಕ್ಷನ್ನೂ ಪ್ರೋಗ್ರಾಂ ನಿಲ್ಲಿಸಬಾರದು, ಪ್ರಿಂಟ್ ಮಾಡಬಾರದು, ಬಳಕೆದಾರರನ್ನ ಪ್ರಶ್ನೆ ಕೇಳಬಾರದು. ಈ ಮೂರೂ ಕೆಲಸ ಸ್ಕ್ರಿಪ್ಟನ್ನ ಶುರು ಮಾಡೋ 'ಮೇನ್' ಫಂಕ್ಷನ್ನಿನವು. ಹನ್ನೆರಡು ತಿಂಗಳ ಫೈಲು ಓದೋ ಲೂಪಿನಲ್ಲಿ ಒಂದು ಕೆಟ್ಟಿದ್ದರೆ ಅದನ್ನ ಬಿಟ್ಟು ಮುಂದೆ ಹೋಗೋಣ ಅಂತ 'ಎಕ್ಸೆಪ್ಟ್ ಎಕ್ಸೆಪ್ಶನ್' ಹಾಕಿರ್ತೀರಿ. ಒಳಗಿನ ಫಂಕ್ಷನ್ 'ಸಿಸ್ ಎಕ್ಸಿಟ್' ಕರೆದಿದ್ದರೆ ಅದು ಹಿಡಿಯಲ್ಲ, ಯಾಕಂದ್ರೆ 'ಸಿಸ್ಟಂ ಎಕ್ಸಿಟ್' ಎಕ್ಸೆಪ್ಶನ್ ವಂಶದ್ದಲ್ಲ, ನೇರ 'ಬೇಸ್ ಎಕ್ಸೆಪ್ಶನ್' ಮಗು. ಇಡೀ ಓಟ ಅಲ್ಲೇ ನಿಲ್ಲುತ್ತೆ. ಪ್ರಶ್ನೆ ಕೇಳೋ 'ಇನ್‌ಪುಟ್' ರಾತ್ರಿ ಕ್ರಾನಿನಲ್ಲಿ (ಹೇಳಿದ ಹೊತ್ತಿಗೆ ಸ್ಕ್ರಿಪ್ಟನ್ನ ತಾನೇ ಓಡಿಸೋ ವ್ಯವಸ್ಥೆ) ಓಡಿದಾಗ ಉತ್ತರ ಕೊಡೋಕೆ ಯಾರೂ ಇರಲ್ಲ, 'ಎಂಡ್ ಆಫ್ ಫೈಲ್' ಎರರ್ ಎಸೆದು ಸಾಯುತ್ತೆ. 'ಓದ್ತಾ ಇದ್ದೀನಿ...' ಅಂತ ಒಳಗಿಂದ ಪ್ರಿಂಟ್ ಮಾಡಿದ ಸಾಲು ಪೈಪಿನಲ್ಲಿ ಮುಂದಿನ ಸ್ಕ್ರಿಪ್ಟಿಗೆ ಡೇಟಾ ಆಗಿ ಹೋಗಿ ಸೇರುತ್ತೆ. ತಪ್ಪು ಕಂಡರೆ ಫೈಲ್ ಹೆಸರು, ಸಾಲಿನ ನಂಬರ್, ಸಿಕ್ಕ ಬೆಲೆ ಮೂರೂ ಇರೋ ಎರರ್ ಎಸೀರಿ. ಮೇನ್ ಅದನ್ನ ಸ್ಟ್ಯಾಂಡರ್ಡ್ ಎರರಿಗೆ ಬರೆದು 1 ಅನ್ನೋ ಎಕ್ಸಿಟ್ ಕೋಡ್ (ಸ್ಕ್ರಿಪ್ಟ್ ಮುಗಿಯುವಾಗ ಕೊಡೋ ಸಂಖ್ಯೆ) ವಾಪಸ್ ಕೊಡಲಿ. ಆಪ್ಷನ್ ತಪ್ಪಾಗಿದ್ದರೆ ಆರ್ಗ್‌ಪಾರ್ಸ್ ತಾನೇ 2 ಕೊಡುತ್ತೆ, ಅದನ್ನ ಅದರ ಪಾಡಿಗೆ ಬಿಡಿ. ಎಷ್ಟು ಸಾಲು ತಪ್ಪಿದೆಯೋ ಅದೇ ಎಕ್ಸಿಟ್ ಕೋಡ್ ಅನ್ನೋ ಬುದ್ಧಿವಂತಿಕೆ ಮಾತ್ರ ಬೇಡ. ಲಿನಕ್ಸಿನಲ್ಲಿ ಎಕ್ಸಿಟ್ ಕೋಡಿಗೆ ಇರೋದು ಎಂಟು ಬಿಟ್. 256 ತಪ್ಪು ಅಂದ್ರೆ ಸೊನ್ನೆ, ಸೊನ್ನೆ ಅಂದ್ರೆ ಎಲ್ಲ ಸರಿ!

ಫೈಲನ್ನ ಪ್ರತಿ ಕಂಪ್ಯೂಟರಿಗೆ ಪೆನ್‌ಡ್ರೈವಿನಲ್ಲಿ ಕಾಪಿ ಮಾಡೋದಾದ್ರೆ ಇಷ್ಟೆಲ್ಲ ಮಾಡಿದ್ದು ದಂಡ. ಆರು ತಿಂಗಳಲ್ಲಿ ಆಫೀಸಿಗೊಂದು ಮಳೆ ಲೆಕ್ಕ ಆಗುತ್ತೆ. 'ಸಿಸ್ ಪಾಥ್'ಗೆ (ಪೈಥಾನ್ ಮಾಡ್ಯೂಲ್ ಹುಡುಕೋ ಜಾಗಗಳ ಪಟ್ಟಿ) ಡಿ ಡ್ರೈವಿನ ವಿಳಾಸ ಅಂಟಿಸೋದೂ ಅಷ್ಟೇ. ಒಂದು ಫೋಲ್ಡರ್, ಅದರಲ್ಲಿ ಪೈಪ್ರಾಜೆಕ್ಟ್ ಟಾಮಲ್ ಫೈಲು (pyproject.toml, ಪ್ಯಾಕೇಜಿನ ವಿವರ ಇರೋದು), ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಕೆಲಸಕ್ಕೇ ಬೇರೆ ಮಾಡಿಟ್ಟ ಪೈಥಾನ್) ಒಳಗೆ ಪಿಪ್ ಇನ್‌ಸ್ಟಾಲ್. ಹೊಸ ಡೆಬಿಯನ್, ಉಬುಂಟುಗಳಲ್ಲಿ ಅದರ ಹೊರಗೆ ಪಿಪ್ ಇನ್‌ಸ್ಟಾಲ್ ಮಾಡೋಕೆ ಬಿಡೋದೂ ಇಲ್ಲ. ಕ್ರಾನಿನಲ್ಲಿ ಬರೀ 'ಪೈಥಾನ್' ಅಂತ ಬರೀದೆ ಆ ಎನ್ವಿರಾನ್‌ಮೆಂಟಿನ ಪೈಥಾನಿನ ಪೂರ್ತಿ ವಿಳಾಸ ಬರೀರಿ. ಫೈಲಿಗೆ 'ಸಿಎಸ್‌ವಿ', 'ಕ್ಯಾಲೆಂಡರ್' ಅಂತ ಹೆಸರಿಡಬೇಡಿ, ಪೈಥಾನಿನದೇ ಮಾಡ್ಯೂಲುಗಳನ್ನ ಅದು ಮರೆ ಮಾಡುತ್ತೆ, ಎರರು ಬರೋದು ಸಂಬಂಧವೇ ಇಲ್ಲದ ಕಡೆ.

ಒಂದು ಫಂಕ್ಷನ್ನಿನ ಅರ್ಥ ಬದಲಾಗೋದಾದ್ರೆ ಅದನ್ನ ತಿದ್ದಬೇಡಿ, ಹೊಸ ಹೆಸರಿನಲ್ಲಿ ಇನ್ನೊಂದು ಬರೀರಿ. ಹಳೇದನ್ನ ಕರೆಯೋರು ಯಾರೂ ಉಳಿದಿಲ್ಲ ಅಂತ ಹುಡುಕಿ ನೋಡಿದ ಮೇಲೆ ಅಳಿಸಿ. ಟೆಸ್ಟ್ ಅಂತ ದೊಡ್ಡದೇನೂ ಬೇಡ. 1 ಇಂಚು 5 ಸೆಂಟಿಗೆ 26.67 ಬರಬೇಕು, 1 ಇಂಚು 105 ಸೆಂಟಿಗೆ ಎರರ್ ಬರಬೇಕು, ನಿಲ್‌ಗೆ ಸೊನ್ನೆ, ಖಾಲಿಗೆ 'ನನ್', ಎರಡು ಥರದ ಕೊಪ್ಪ ಒಂದೇ ಆಗಬೇಕು, 2.5 ರೂಪಾಯಿ 3 ಆಗಬೇಕು. ಇಷ್ಟನ್ನ ಒಂದು ಫೈಲಿನಲ್ಲಿ ಬರೆದಿಟ್ಟು, ಸಾಮಾನ್ಯ ಫೈಲನ್ನ ಮುಟ್ಟಿದಾಗಲೆಲ್ಲ ಓಡಿಸಿ ನೋಡಿ.