ಟೆನೆಸ್ಸಿಯ ಒಂದು ಫಲಿತಾಂಶ ನೋಡಿ 2026ರ ಭವಿಷ್ಯ ಹೇಳೋಕಾಗುತ್ತಾ?

ಅಮೆರಿಕದ ಟೆನೆಸ್ಸಿ ರಾಜ್ಯದ ಫಲಿತಾಂಶ ಬಂದಾಗಿನಿಂದ ನನ್ನ ಫೀಡ್ ತುಂಬ ಎರಡೇ ಬಗೆಯ ಪೋಸ್ಟ್. 2025ರ ಡಿಸೆಂಬರ್ 2ಕ್ಕೆ ಅಲ್ಲಿನ 7ನೇ ಕ್ಷೇತ್ರದಲ್ಲಿ ಹೌಸ್‌ನ, ಅಂದರೆ ಅಮೆರಿಕ ಸಂಸತ್ತಿನ ಕೆಳಮನೆಯ, ಸೀಟಿಗೆ ಸ್ಪೆಷಲ್ ಎಲೆಕ್ಷನ್ ನಡೆಯಿತು. ನಮ್ಮ ಉಪಚುನಾವಣೆ ಇದ್ದ ಹಾಗೆ. ರಿಪಬ್ಲಿಕನ್ ಪಕ್ಷದ ಮ್ಯಾಟ್ ವ್ಯಾನ್ ಎಪ್ಸ್ ಸುಮಾರು ಶೇ. 9ರ ಅಂತರದಲ್ಲಿ ಗೆದ್ದರು. 2024ರಲ್ಲಿ ಅದೇ ಕ್ಷೇತ್ರದಲ್ಲಿ ಟ್ರಂಪ್‌ಗೆ ಸಿಕ್ಕಿದ್ದ ಲೀಡ್ ಸುಮಾರು ಶೇ. 22. "ಗೆದ್ದಾಯ್ತಲ್ಲ, ಇನ್ನೇನು ಬೇಕು?" ಅನ್ನೋರು ಒಂದು ಕಡೆ. "2026ರ ನವೆಂಬರ್‌ಗೆ ರಿಪಬ್ಲಿಕನ್ನರ ಕಥೆ ಮುಗೀತು" ಅನ್ನೋರು ಇನ್ನೊಂದು ಕಡೆ. ನ್ಯೂಜೆರ್ಸಿಯಲ್ಲಿರುವ ನೆಂಟರಿಂದ ಹಿಡಿದು ಬೆಂಗಳೂರಲ್ಲಿ ಕೂತು ಎಚ್-1ಬಿ ಚಿಂತೆ ಮಾಡುವ ಗೆಳೆಯರವರೆಗೆ ಎಲ್ಲರೂ ಈಗ ಚುನಾವಣಾ ಪಂಡಿತರೇ.

ನಾನೂ ಒಂದಿಷ್ಟು ಪಾಂಡಿತ್ಯ ತೋರಿಸುತ್ತೇನೆ, ಬೈಕೊಬೇಡಿ.

ಮೊದಲು ಪೆನ್ಸಿಲ್ವೇನಿಯಾಕ್ಕೆ ಹೋಗೋಣ. ಪಿಟ್ಸ್‌ಬರ್ಗ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಅಲ್ಲಿನ ವೆಂಕಟೇಶ್ವರ ದೇವಸ್ಥಾನ. ಆ ಊರಿನ ಸುತ್ತಮುತ್ತ, ಅಕ್ಕಪಕ್ಕದ ಎರಡು ಕ್ಷೇತ್ರಗಳಲ್ಲಿ, ಎಂಟು ವರ್ಷಗಳ ಅಂತರದಲ್ಲಿ ಎರಡು ಸ್ಪೆಷಲ್ ಎಲೆಕ್ಷನ್ ನಡೆದವು. ಎರಡೂ ಮಿಡ್‌ಟರ್ಮ್, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆ, ಇದ್ದ ವರ್ಷಗಳಲ್ಲೇ. 2026 ಕೂಡ ಅಂಥದ್ದೇ ವರ್ಷ. ಎರಡರಲ್ಲೂ ಗೆದ್ದಿದ್ದು ಡೆಮಾಕ್ರಾಟ್.

ಮೊದಲನೆಯದು 2010ರ ಮೇ 18. ದಶಕಗಳ ಕಾಲ ಸಂಸದರಾಗಿದ್ದ ಜಾನ್ ಮರ್ಥಾ ತೀರಿಕೊಂಡು 12ನೇ ಕ್ಷೇತ್ರ ಖಾಲಿಯಾಗಿತ್ತು. 2004ರಲ್ಲಿ ಡೆಮಾಕ್ರಾಟ್ ಕೆರ್ರಿಗೆ ಓಟು ಹಾಕಿ, 2008ರಲ್ಲಿ ದೇಶವೆಲ್ಲ ಒಬಾಮಾ ಕಡೆ ಹೊರಳಿದಾಗ ರಿಪಬ್ಲಿಕನ್ ಮೆಕೇನ್ ಕಡೆ ಹೋದ ವಿಚಿತ್ರ ಕ್ಷೇತ್ರ ಅದು. ಒಬಾಮಾ ಬಗ್ಗೆ ಸಿಟ್ಟಿತ್ತು, ಆರೋಗ್ಯ ವಿಮೆ ಕಾನೂನಿನ ಜಗಳ ಇನ್ನೂ ಬಿಸಿಯಾಗಿತ್ತು. ಆದರೂ ಮರ್ಥಾ ಹತ್ತಿರ ಕೆಲಸ ಮಾಡಿದ್ದ ಮಾರ್ಕ್ ಕ್ರಿಟ್ಜ್ ಶೇ. 7ಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದುಬಿಟ್ಟರು. ಅಲೆ ಗಿಲೆ ಏನೂ ಇಲ್ಲ ಅಂತ ಡೆಮಾಕ್ರಾಟ್ ಪಾಳಯಕ್ಕೆ ಸಮಾಧಾನ. ನವೆಂಬರ್ ಬಂತು. ಡೆಮಾಕ್ರಾಟ್‌ಗಳು ಹೌಸ್‌ನಲ್ಲಿ 63 ಸೀಟು ಕಳೆದುಕೊಂಡರು.

ಎರಡನೆಯದು 2018ರ ಮಾರ್ಚ್ 13, ಪಕ್ಕದ 18ನೇ ಕ್ಷೇತ್ರ. ಟ್ರಂಪ್ ಅಲ್ಲಿ ಹತ್ತಿರ ಹತ್ತಿರ ಶೇ. 20 ಲೀಡ್ ತಗೊಂಡಿದ್ದರು. ಮರೀನ್ ಪಡೆಯ ಮಾಜಿ ಸೈನಿಕ, ಡೆಮಾಕ್ರಾಟ್ ಕಾನರ್ ಲ್ಯಾಂಬ್ ಸಾವಿರಕ್ಕೂ ಕಡಿಮೆ ಓಟಿನಲ್ಲಿ ಗೆದ್ದರು. ಆ ನವೆಂಬರ್‌ನಲ್ಲಿ ಡೆಮಾಕ್ರಾಟ್‌ಗಳಿಗೆ 40 ಸೀಟು ಜಾಸ್ತಿ ಬಂತು, ಹೌಸ್ ಅವರ ಕೈಗೆ ಸಿಕ್ಕಿತು.

ಅದೇ ಸೀಮೆ, ಅದೇ ಪಕ್ಷದ ಗೆಲುವು, ಆಮೇಲೆ ಆಗಿದ್ದು ಮಾತ್ರ ಪೂರ್ತಿ ಉಲ್ಟಾ. ಗೆದ್ದವರಿಬ್ಬರೂ ಪಕ್ಷದಿಂದ ಒಂದು ಹೆಜ್ಜೆ ದೂರ ನಿಂತೇ ಓಟು ಕೇಳಿದ್ದರು ಅನ್ನುವುದೂ ಗಮನಿಸಬೇಕಾದ್ದು. ತಾನಿದ್ದಿದ್ದರೆ ಒಬಾಮಾ ಆರೋಗ್ಯ ಮಸೂದೆಗೆ ಓಟು ಹಾಕುತ್ತಿರಲಿಲ್ಲ ಅಂತ ಕ್ರಿಟ್ಜ್ ಹೇಳಿದ್ದರು. ನ್ಯಾನ್ಸಿ ಪೆಲೋಸಿಯನ್ನು ಹೌಸ್‌ನಲ್ಲಿ ಪಕ್ಷದ ನಾಯಕಿಯಾಗಿ ಬೆಂಬಲಿಸಲ್ಲ ಅಂತ ಲ್ಯಾಂಬ್ ಹೇಳಿದ್ದರು. ಅಂಥ ಅಭ್ಯರ್ಥಿ ಗೆದ್ದರೆ ಅದು ಪಕ್ಷದ ಗೆಲುವಾ, ಆ ಮನುಷ್ಯನ ಗೆಲುವಾ? ಕ್ರಿಟ್ಜ್ ಗೆದ್ದ ದಿನಕ್ಕೆ ಇನ್ನೊಂದು ವಿಶೇಷವೂ ಇತ್ತು. ಅವತ್ತೇ ರಾಜ್ಯದಲ್ಲಿ ಡೆಮಾಕ್ರಾಟ್ ಪಕ್ಷದ ಸೆನೆಟ್ ಪ್ರೈಮರಿ, ಅಂದರೆ ಮೇಲ್ಮನೆ ಸೀಟಿಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮತದಾನ. ಅರ್ಲೆನ್ ಸ್ಪೆಕ್ಟರ್ ಮತ್ತು ಜೋ ಸೆಸ್ಟಾಕ್ ನಡುವೆ ಜಿದ್ದಾಜಿದ್ದಿ. ಆ ಕಾರಣಕ್ಕೆ ಡೆಮಾಕ್ರಾಟ್ ಮತದಾರರು ಹೇಗೂ ಮತಗಟ್ಟೆಗೆ ಬಂದಿದ್ದರು. ಇಂಥದ್ದೆಲ್ಲ ಮರುದಿನದ ಹೆಡ್‌ಲೈನ್‌ನಲ್ಲಿ ಎಲ್ಲಿರುತ್ತೆ ಹೇಳಿ?

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅನ್ನುತ್ತೇವೆ. ಪಾತ್ರೆ ಒಂದೇ, ನೀರು ಒಂದೇ ಆಗಿದ್ದರೆ ಆ ಮಾತು ಸರಿ. ಅಮೆರಿಕದ ಹೌಸ್‌ನಲ್ಲಿ 435 ಕ್ಷೇತ್ರ, ಅಷ್ಟೂ ಬೇರೆ ಬೇರೆ ಪಾತ್ರೆ.

ನಮ್ಮವರು ಇದನ್ನು ಓದುವಾಗ ಇನ್ನೊಂದು ತೊಡಕಿದೆ. ಉಪಚುನಾವಣೆ ಅಂದರೆ ನಮ್ಮ ತಲೆಯಲ್ಲಿ ಇರುವುದು ಕರ್ನಾಟಕದ ಉಪಚುನಾವಣೆ. ಇಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಸರ್ಕಾರದಲ್ಲಿ ಇರುವವರು. 2019ರ ಡಿಸೆಂಬರ್‌ನಲ್ಲಿ 15ರಲ್ಲಿ 12 ಬಿಜೆಪಿಗೆ, 2024ರ ನವೆಂಬರ್‌ನಲ್ಲಿ ಮೂರಕ್ಕೆ ಮೂರೂ ಕಾಂಗ್ರೆಸ್‌ಗೆ. ಮಂತ್ರಿಗಳೆಲ್ಲ ಬಂದು ಕ್ಷೇತ್ರದಲ್ಲೇ ಠಿಕಾಣಿ ಹೂಡುತ್ತಾರೆ. ಅಧಿಕಾರ ಇರೋರಿಗೆ ಹಾಕಿದರೆ ರಸ್ತೆನಾದ್ರೂ ಆಗುತ್ತೆ ಅಂತ ಜನವೂ ಯೋಚಿಸುತ್ತಾರೆ. ಉಪಚುನಾವಣೆಯ ಫಲಿತಾಂಶ ನಂಬಿಕೊಂಡು ಕೂತವರ ಗತಿ ಏನಾಯ್ತು ಅನ್ನೋದಕ್ಕೆ 2018ರ ನವೆಂಬರ್ ನೆನಪಿಸಿಕೊಳ್ಳಿ. ಮೈತ್ರಿ ಸರ್ಕಾರ ಐದರಲ್ಲಿ ನಾಲ್ಕು ಗೆದ್ದಿತ್ತು. ಬಳ್ಳಾರಿಯಲ್ಲಿ ಉಗ್ರಪ್ಪ 2.4 ಲಕ್ಷಕ್ಕೂ ಜಾಸ್ತಿ ಲೀಡ್, ಮಂಡ್ಯದಲ್ಲಿ ಜೆಡಿಎಸ್‌ಗೆ 3 ಲಕ್ಷಕ್ಕೂ ಜಾಸ್ತಿ. ಆರೇ ತಿಂಗಳಿಗೆ ಲೋಕಸಭೆಯ 28 ಸೀಟಿನಲ್ಲಿ 25 ಬಿಜೆಪಿಗೆ ಹೋಯಿತು. ಬಳ್ಳಾರಿಯೂ ಹೋಯಿತು. ಮಂಡ್ಯ ಸುಮಲತಾ ಅವರ ಪಾಲಾಯಿತು.

ಅಮೆರಿಕದಲ್ಲಿ ಗಾಳಿ ಬೀಸುವುದು ಇದಕ್ಕೆ ಎದುರು. ಅಧ್ಯಕ್ಷರ ಮೇಲೆ ಸಿಟ್ಟಿರುವವರು ಹುಡುಕಿಕೊಂಡು ಹೋಗಿ ಓಟು ಹಾಕುತ್ತಾರೆ. ಅಧ್ಯಕ್ಷರ ಕಡೆಯವರು ಮನೆಯಲ್ಲೇ ಉಳಿಯುವುದು ಹೆಚ್ಚು. ಟರ್ನ್‌ಔಟ್ ಕಡಿಮೆ ಇದ್ದಷ್ಟೂ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಟ್ರಂಪ್ ಬಂದ ಮೇಲೆ ಇನ್ನೊಂದು ಬದಲಾವಣೆಯೂ ಆಗಿದೆ. ಯಾವ ಸಣ್ಣ ಚುನಾವಣೆ ಇದ್ದರೂ ತಪ್ಪದೆ ಬರುವ, ಕಾಲೇಜು ಓದಿದ ಮತದಾರರು ಡೆಮಾಕ್ರಾಟ್ ಕಡೆ ವಾಲಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುವವರಲ್ಲಿ ಟ್ರಂಪ್ ಬೆಂಬಲಿಗರು ಬಹಳ.

2024ರಲ್ಲಿ ಇದು ಚೆನ್ನಾಗಿ ಬಯಲಾಯಿತು. ರಿಪಬ್ಲಿಕನ್ ಸಂಸದ ಜಾರ್ಜ್ ಸ್ಯಾಂಟೋಸ್‌ರನ್ನು ಹೌಸ್‌ನಿಂದ ಹೊರಹಾಕಿದ ಮೇಲೆ ನ್ಯೂಯಾರ್ಕ್‌ನ 3ನೇ ಕ್ಷೇತ್ರದಲ್ಲಿ ಫೆಬ್ರವರಿ 13ಕ್ಕೆ ಮತದಾನ. ಅವತ್ತು ಹಿಮ ಬೇರೆ ಬಿದ್ದಿತ್ತು. ಡೆಮಾಕ್ರಾಟ್ ಟಾಮ್ ಸುವೋಝಿ ಸುಮಾರು ಶೇ. 8 ಅಂತರದಲ್ಲಿ ಗೆದ್ದರು. ಬೈಡನ್ ಪಕ್ಷ ಅಂದುಕೊಂಡಷ್ಟು ದುರ್ಬಲ ಅಲ್ಲ ಅಂತ ಮಾತಾಡಿದ್ದೇ ಮಾತಾಡಿದ್ದು. ನವೆಂಬರ್‌ನಲ್ಲಿ ಸುವೋಝಿ ಹೇಗೋ ಸೀಟು ಉಳಿಸಿಕೊಂಡರು. ಆದರೆ ಅಧ್ಯಕ್ಷ ಸ್ಥಾನದ ಓಟಿನಲ್ಲಿ ಅದೇ ಕ್ಷೇತ್ರದಲ್ಲಿ ಟ್ರಂಪ್ ಮುಂದಿದ್ದರು.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಕೇಸು 2022ರದ್ದು. ಆಗಸ್ಟ್ 23, ನ್ಯೂಯಾರ್ಕ್‌ನ 19ನೇ ಕ್ಷೇತ್ರ. ಗರ್ಭಪಾತದ ಹಕ್ಕನ್ನು ಕಿತ್ತುಹಾಕಿದ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಬಂದು ಎರಡು ತಿಂಗಳಾಗಿತ್ತು. ಡೆಮಾಕ್ರಾಟ್ ಪ್ಯಾಟ್ ರಯಾನ್ ಅದನ್ನೇ ಮುಖ್ಯ ವಿಷಯ ಮಾಡಿಕೊಂಡು ರಿಪಬ್ಲಿಕನ್ ಮಾರ್ಕ್ ಮೊಲಿನಾರೊ ವಿರುದ್ಧ ಗೆದ್ದರು. ದೇಶದ ಮಟ್ಟಿಗೆ ಆ ಸೂಚನೆ ನಿಜವಾಯಿತು. ನವೆಂಬರ್‌ನಲ್ಲಿ ಎಲ್ಲರೂ ಕಾಯುತ್ತಿದ್ದ ಕೆಂಪು ಅಲೆ, ಅಂದರೆ ರಿಪಬ್ಲಿಕನ್ ಅಲೆ, ಬರಲಿಲ್ಲ. ರಿಪಬ್ಲಿಕನ್ನರಿಗೆ 222 ಸೀಟಿನ ಬಡಕಲು ಬಹುಮತ ಸಿಕ್ಕಿತು. ಆ ಬಹುಮತಕ್ಕೆ ಸೀಟು ಕೊಟ್ಟ ರಾಜ್ಯಗಳಲ್ಲಿ ನ್ಯೂಯಾರ್ಕ್ ಕೂಡ ಒಂದು! ಹೊಸದಾಗಿ ಗಡಿ ಬರೆದ 19ನೇ ಕ್ಷೇತ್ರದಿಂದ ಗೆದ್ದು ಬಂದವರು ಯಾರು ಅಂತೀರಿ? ಅದೇ ಮೊಲಿನಾರೊ. ರಯಾನ್ ಪಕ್ಕದ 18ಕ್ಕೆ ಹೋಗಿ ಗೆದ್ದರು. ದೂರದ ರಾಜ್ಯಗಳ ಬಗ್ಗೆ ಸರಿಯಾಗಿ ಹೇಳಿದ ಫಲಿತಾಂಶ ತನ್ನ ಊರಿನ ಬಗ್ಗೆಯೇ ತಪ್ಪು ಹೇಳಿತ್ತು.

ಹಾಗಾದರೆ ಇವೆಲ್ಲ ಕೆಲಸಕ್ಕೆ ಬಾರದವಾ? ಹಾಗೂ ಹೇಳಲ್ಲ. 2017 ನೋಡಿ. ಕ್ಯಾನ್ಸಸ್, ಮೊಂಟಾನಾ, ಸೌತ್ ಕರೊಲಿನಾ, ಜಾರ್ಜಿಯಾ, ಎಲ್ಲ ಕಡೆ ಗೆದ್ದಿದ್ದು ರಿಪಬ್ಲಿಕನ್ನರೇ. ಜಾರ್ಜಿಯಾದಲ್ಲಿ ಜಾನ್ ಆಸಫ್‌ಗಾಗಿ ದುಡ್ಡು ನೀರಿನಂತೆ ಹರಿಸಿಯೂ ಸೋತಾಗ ಡೆಮಾಕ್ರಾಟ್‌ಗಳು ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಕ್ಯಾನ್ಸಸ್‌ನ ಆ ಕ್ಷೇತ್ರದಲ್ಲಿ ಟ್ರಂಪ್ ಲೀಡ್ ಶೇ. 27 ಇದ್ದದ್ದು ಶೇ. 7ರ ಒಳಗೆ ಇಳಿದಿತ್ತು. ಮೊಂಟಾನಾದಲ್ಲಿ ಶೇ. 20 ಇದ್ದದ್ದು ಸುಮಾರು 6ಕ್ಕೆ. ಯಾರು ಗೆದ್ದರು ಅನ್ನೋದನ್ನು ಬಿಟ್ಟು ಎಷ್ಟು ಜಾರಿತು ಅಂತ ನೋಡಿದವರಿಗೆ, ಅದೂ ನಾಲ್ಕಾರು ಕ್ಷೇತ್ರ ಸೇರಿಸಿ ನೋಡಿದವರಿಗೆ, 2018 ಅಚ್ಚರಿ ತರಲಿಲ್ಲ. ಬರೀ ಜಾರ್ಜಿಯಾ ನೋಡಿ ಅತ್ತವರು ಸುಮ್ನೆ ಅತ್ತರು. ಆ ಸೀಟೂ ಮರುವರ್ಷ ಲೂಸಿ ಮೆಕ್‌ಬ್ಯಾತ್ ಮೂಲಕ ಡೆಮಾಕ್ರಾಟ್‌ಗಳಿಗೇ ಬಂತು.

2025ರಲ್ಲಿ ಟೆನೆಸ್ಸಿ ಒಂಟಿಯಾಗಿ ನಿಂತಿಲ್ಲ. ಏಪ್ರಿಲ್ 1ಕ್ಕೆ ಫ್ಲಾರಿಡಾದ ಎರಡು ಕ್ಷೇತ್ರಗಳಲ್ಲಿ ರಿಪಬ್ಲಿಕನ್ನರು ಗೆದ್ದರೂ ಟ್ರಂಪ್ ಲೀಡ್ ಹತ್ತಿರ ಹತ್ತಿರ ಅರ್ಧಕ್ಕೆ, ಒಂದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ವರ್ಜೀನಿಯಾ, ಅರಿಝೋನಾದ ಉಪಚುನಾವಣೆಗಳಲ್ಲೂ ಅದೇ ದಿಕ್ಕು. ನವೆಂಬರ್‌ನಲ್ಲಿ ವರ್ಜೀನಿಯಾ, ನ್ಯೂಜೆರ್ಸಿ ಗವರ್ನರ್ ಚುನಾವಣೆಗಳನ್ನೂ ಡೆಮಾಕ್ರಾಟ್‌ಗಳು ದೊಡ್ಡ ಅಂತರದಲ್ಲಿ ಗೆದ್ದರು. ಇದು ಲೆಕ್ಕಕ್ಕೆ ಬರುವ ಸಾಕ್ಷಿ. ಮಿಡ್‌ಟರ್ಮ್‌ಗೆ ಬರುವ ಮತದಾರರೂ ಹೆಚ್ಚು ಕಡಿಮೆ ಇದೇ ಥರದವರು ಅನ್ನೋದು ಇನ್ನೊಂದು ಕಾರಣ.

ಆದರೂ ಒಂದು ಮಾತು. ಎರಡನೇ ಮಹಾಯುದ್ಧದ ನಂತರದ ಮಿಡ್‌ಟರ್ಮ್‌ಗಳಲ್ಲಿ ಅಧ್ಯಕ್ಷರ ಪಕ್ಷ ಹೌಸ್‌ನಲ್ಲಿ ಸೀಟು ಹೆಚ್ಚಿಸಿಕೊಂಡಿದ್ದು 1998 ಮತ್ತು 2002ರಲ್ಲಿ ಮಾತ್ರ. ರಿಪಬ್ಲಿಕನ್ನರಿಗೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ ಅಂತ ಹೇಳೋಕೆ ಟೆನೆಸ್ಸಿಯೇ ಬೇಕಿರಲಿಲ್ಲ. ಎಷ್ಟು ಸೀಟು ಅನ್ನೋದೇ ಪ್ರಶ್ನೆ, ಅದಕ್ಕೆ ಟೆನೆಸ್ಸಿಯಲ್ಲಿ ಉತ್ತರ ಇಲ್ಲ. ಟೆಕ್ಸಾಸ್‌ನಲ್ಲಿ ರಿಪಬ್ಲಿಕನ್ನರು ಐದು ಸೀಟು ಜಾಸ್ತಿ ಸಿಗುವ ಹಾಗೆ ಕ್ಷೇತ್ರಗಳ ಗಡಿಗಳನ್ನೇ ಹೊಸದಾಗಿ ಬರೆದಿದ್ದಾರೆ. ಅದಕ್ಕೆ ಜವಾಬಾಗಿ ಕ್ಯಾಲಿಫೋರ್ನಿಯಾ ಮತದಾರರು 2025ರ ನವೆಂಬರ್ 4ಕ್ಕೆ ತಮ್ಮ ನಕ್ಷೆ ಬದಲಿಸಲು ಒಪ್ಪಿದ್ದಾರೆ.

ಹೌಸ್ ಡೆಮಾಕ್ರಾಟ್‌ಗಳ ಕಡೆ ತಿರುಗಬಹುದು ಅಂತ ನನಗೂ ಅನಿಸುತ್ತೆ. ಸೆನೆಟ್ ಬಗ್ಗೆ ಮಾತ್ರ ಈ ಉತ್ಸಾಹ ಬೇಡ. ಅಲ್ಲಿ ಈಗ ರಿಪಬ್ಲಿಕನ್ನರು 53, ಡೆಮಾಕ್ರಾಟ್ ಕಡೆಯವರು 47, ಸುಮಾರು ಮೂರನೇ ಒಂದು ಭಾಗ ಸೀಟಿಗಷ್ಟೇ 2026ರಲ್ಲಿ ಚುನಾವಣೆ. ಮೇನ್, ನಾರ್ತ್ ಕರೊಲಿನಾ ಎರಡನ್ನೂ ಗೆದ್ದು, ಇರುವುದನ್ನೆಲ್ಲ ಉಳಿಸಿಕೊಂಡರೂ ಡೆಮಾಕ್ರಾಟ್‌ಗಳಿಗೆ 49. ಬಹುಮತಕ್ಕೆ ಇನ್ನೆರಡು ಬರಬೇಕಾದ್ದು ಟ್ರಂಪ್ ಆರಾಮಾಗಿ ಗೆದ್ದ ರಾಜ್ಯಗಳಿಂದ.