ಕಾಗದ ಮಾಡದ ಕಾರ್ಖಾನೆಗೆ 40 ವರ್ಷದ ಕಾಡು

ಜುಲೈ ಬಂತು, ಪೇಪರಿನಲ್ಲಿ ವನಮಹೋತ್ಸವದ ಫೋಟೋಗಳೂ ಬಂದವು. ಒಂದು ಸಸಿ, ಸುತ್ತ ಹದಿನೈದು ಜನ, ಎಲ್ಲರ ಕೈಯೂ ಅದರ ಮೇಲೇ. ಮಲೆನಾಡಿನಲ್ಲಿ ಕೂತು ಇದನ್ನು ನೋಡುವವರಿಗೆ ನೆನಪಾಗುವುದು ಭದ್ರಾವತಿಯ ಎಂಪಿಎಂ, ಅಂದರೆ ಮೈಸೂರು ಕಾಗದ ಕಾರ್ಖಾನೆ.

ಕಥೆ ನಿಮಗೆ ಗೊತ್ತೇ ಇದೆ. ಕಾಗದಕ್ಕೆ ಮರ ಬೇಕು ಅಂತ 1980ರಲ್ಲಿ ಕಾಡು ಜಾಗವನ್ನು 40 ವರ್ಷಕ್ಕೆ ಲೀಸಿಗೆ ಕೊಟ್ಟರು. ಅಕೇಶಿಯಾ, ನೀಲಗಿರಿ ಎದ್ದು ನಿಂತವು. 2015ರಲ್ಲಿ ಕಾರ್ಖಾನೆಯೇ ನಿಂತಿತು. 2020ರಲ್ಲಿ ಲೀಸೂ ಮುಗಿಯಿತು. ಸರ್ಕಾರ ದೊಡ್ಡ ಮನಸ್ಸು ಮಾಡಿ ಇನ್ನೂ 40 ವರ್ಷ ಕೊಟ್ಟಿತು. ಸುಮಾರು 20 ಸಾವಿರ ಹೆಕ್ಟೇರ್! ಬಾಯಿಯೇ ಇಲ್ಲದವನಿಗೆ 2060ರವರೆಗೆ ಊಟದ ವ್ಯವಸ್ಥೆ.

ಹಾಗಂತ ಅಕೇಶಿಯಾವನ್ನು ಬೈಯಬೇಡಿ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯಿಂದ ಬಂದ ಈ ಮರಕ್ಕಿರುವ ಗುಣಗಳು ನಮ್ಮ ಮತ್ತಿ, ಹೊನ್ನೆಗಳಿಗೆ ಎಲ್ಲಿವೆ? ಗೊಚ್ಚು ಕಲ್ಲಿನ ನೆಲದಲ್ಲೂ ಬೆಳೆಯುತ್ತದೆ. ದನ ಮೂಸಿ ನೋಡಿ ಮುಂದೆ ಹೋಗುತ್ತದೆ, ಬೇಲಿಯ ಖರ್ಚಿಲ್ಲ. ಇಲಾಖೆಗೆ ಇನ್ನೇನು ಬೇಕು? ಎಲೆ ವಿಷಯವಂತೂ ಇನ್ನೂ ಮಜಾ. ಆಗಷ್ಟೇ ಹುಟ್ಟಿದ ಸಸಿಯಲ್ಲಿ ಸ್ವಲ್ಪ ದಿನ ನಿಜವಾದ ಎಲೆ ಬರುತ್ತದೆ, ಸಣ್ಣ ಸಣ್ಣ ದಳದ್ದು. ಆಮೇಲೆ ತೊಟ್ಟೇ ಚಪ್ಪಟೆಯಾಗಿ ಎಲೆಯ ವೇಷ ಹಾಕಿಕೊಳ್ಳುತ್ತದೆ. ನಾವು ಎಲೆ ಅಂದುಕೊಂಡಿದ್ದೆಲ್ಲ ತೊಟ್ಟು. ಕಾಡು ಅಂದುಕೊಂಡಿದ್ದೂ ಅಷ್ಟೇ ಬಿಡಿ.

ಆ ತೊಟ್ಟಿನೆಲೆ ಉದುರಿದರೆ ಬೇಗ ಕೊಳೆಯುವುದೂ ಇಲ್ಲ. ನಮ್ಮ ಕಡೆ ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಹಾಕಿ ಗೊಬ್ಬರ ಮಾಡುವುದು ರೂಢಿ. ಪಕ್ಕದ ಮನೆ ಭಾವ ಒಂದು ಸಲ ಅಕೇಶಿಯಾ ದರಕು ಹಾಕಿದ. 'ಮುಂದಿನ ವರ್ಷಕ್ಕೂ ಹಂಗೇ ಇರ್ತು ಮಾರಾಯ' ಅಂದ. ಬೇಸಿಗೆಯಲ್ಲಿ ಅದೇ ದರಕಿಗೆ ಬೆಂಕಿ ಬಿದ್ದರೆ ಮಣ್ಣಿನಲ್ಲಿದ್ದ ಬೀಜಕ್ಕೆ ಹಬ್ಬ. ಕಾವು ತಗುಲಿ ಗಟ್ಟಿ ಸಿಪ್ಪೆ ಸಡಿಲವಾಗಿ, ಮಳೆ ಬಿದ್ದ ಕೂಡಲೇ ನೂರಾರು ಸಸಿ. ಸುರುಳಿ ಸುತ್ತಿದ ಕೋಡು ಒಡೆದರೆ ಕಿತ್ತಳೆ ಬಣ್ಣದ ದಾರದಲ್ಲಿ ಕಪ್ಪು ಬೀಜ ನೇತಾಡುತ್ತದೆ. ಹಕ್ಕಿಗೆ ಅದು ಹಣ್ಣಿನ ಹಾಗೆ ಕಾಣುತ್ತದೆ. ಲೀಸು, ಗಡಿ, ಸರ್ವೆ ನಂಬರು ಹಕ್ಕಿಗೆ ಗೊತ್ತಿಲ್ಲವಲ್ಲ, ತಂದು ನಾವು ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲೂ ಹಾಕುತ್ತದೆ.

ಇನ್ನು ಮಂಗಗಳು. ನೇರಳೆ, ಮುರುಗಲು, ಹೆಬ್ಬಲಸು ಇದ್ದ ಕಾನು (ದಟ್ಟ ಕಾಡು) ಕಡಿದು ಹಣ್ಣೇ ಬಿಡದ ಮರ ನೆಟ್ಟ ಮೇಲೆ ಮಂಗ ಏನು ತಿನ್ನಬೇಕು? ತೋಟಕ್ಕೆ ಬಂತು. ಬಾಳೆಗೊನೆ ಹೋಯಿತು, ಎಳೆ ಅಡಿಕೆ ಹೋಯಿತು. ರೈತರು ಬೊಬ್ಬೆ ಹೊಡೆದರು. ಆಗ ಹೊಳೆದ ಉಪಾಯ ನೋಡಿ: ಹೊಸನಗರ ತಾಲ್ಲೂಕಿನಲ್ಲಿ ಮಂಕಿ ಪಾರ್ಕ್! ಮಂಗಗಳನ್ನು ಹಿಡಿದು ತಂದು ಒಂದು ಕಡೆ ಬಿಡುವುದು, ಅಲ್ಲಿ ಅವಕ್ಕೆ ಹಣ್ಣಿನ ಮರ ಬೆಳೆಸುವುದು. ಅಂದರೆ ಕಾಡು. ಮಂಗಗಳಿಗೆ ಗೇಟ್ ಪಾಸ್ ಕೊಡುತ್ತಾರೋ, ಹಾಜರಿ ಪುಸ್ತಕ ಇಡುತ್ತಾರೋ, ಭಾನುವಾರ ರಜೆಯೋ, ತೋಟಕ್ಕೆ ಹೋಗಿ ಬರಲು ಸಂಜೆ ಐದರ ಒಳಗೆ ಅಂತ ಟೈಮ್ ಇರುತ್ತದೋ, ನನಗೆ ಇವೇ ಪ್ರಶ್ನೆ. ಕೆಂಪು ಮೂತಿಯದಕ್ಕೂ ಕಪ್ಪು ಮೂತಿಯ ಮುಸಿಯಕ್ಕೂ ಬೇರೆ ಬೇರೆ ಬ್ಲಾಕ್ ಇರಬೇಕು, ಇಲ್ಲದಿದ್ದರೆ ಗಲಾಟೆ.

ಲೆಕ್ಕದಲ್ಲಿ ಮಾತ್ರ ಯಾವ ತೊಂದರೆಯೂ ಇಲ್ಲ. ಒಂದು ಹೆಕ್ಟೇರಿನಲ್ಲಿ ಶೇ 10ರಷ್ಟು ಮರದ ಹೊದಿಕೆ ಇದ್ದರೆ ದೇಶದ ಅರಣ್ಯ ವರದಿಗೆ ಅದು ಅರಣ್ಯವೇ. ಯಾವ ಮರ ಅಂತ ಕೇಳುವುದಿಲ್ಲ. ಉಪಗ್ರಹಕ್ಕೆ ಹಸಿರು ಕಂಡರೆ ಸಾಕು.

2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡಬೇಡಿ ಅಂತ ಆದೇಶ ಹೊರಡಿಸಿತ್ತು. ನಾಲ್ಕು ವರ್ಷ ಕಳೆಯುವುದರೊಳಗೆ ನೆಡುತೋಪಿಗೆ ಲೀಸು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಮಲೆನಾಡಿನ ಜನ ಬೀದಿಗಿಳಿದು ಕೂಗಿದ್ದೂ ಆಯಿತು. ನಗು ಬರುವುದು ನಿಂತು ಯಾವುದೋ ಕಾಲವಾಯಿತು. ನಮ್ಮಜ್ಜ ಸೊಪ್ಪು ತಂದ ಬೆಟ್ಟ ಇದು. ಈಗ ಅದರೊಳಗೆ ನಡೆದರೆ ಕಾಲಡಿ ಒಣಗಿದ ತೊಟ್ಟು, ಬೇರೇನೂ ಹುಟ್ಟಿಲ್ಲ. ಇದನ್ನು ಕಾಡು ಅಂತ ಬರೆದುಕೊಳ್ಳಲು ನಾಚಿಕೆಯಾದರೂ ಬೇಡವಾ?

ಕೇಳುತ್ತಿರುವುದೂ ದೊಡ್ಡದೇನಲ್ಲ. ಕಡಿದ ಮೇಲೆ ಮತ್ತೆ ಅದನ್ನೇ ನೆಡಬೇಡಿ. ತಾನಾಗಿ ಹುಟ್ಟಿದ ಅಕೇಶಿಯಾ ಕಿತ್ತು ಹಾಕಿ, ಉಳಿದದ್ದನ್ನು ಸುಮ್ನೆ ಬಿಡಿ. ಆದರೆ ಸುಮ್ನೆ ಬಿಡುವುದಕ್ಕೆ ಟೆಂಡರ್ ಕರೆಯುವುದು ಹೇಗೆ, ಬಿಲ್ ಪಾಸ್ ಮಾಡುವುದು ಹೇಗೆ, ಫೋಟೋ ತೆಗೆಸಿಕೊಳ್ಳುವುದು ಹೇಗೆ?