ಬಾದಾಮಿಯ ಬಂಡೆಗೆ ಬಾಯಿಲ್ಲವೇ?

"ನಿಮ್ಮ ಕಡೆ ಇಷ್ಟು ಹಳೆಯದು ಏನಾದರೂ ಇದೆಯೇ?" ಎಂದು ಸಹೋದ್ಯೋಗಿಯೊಬ್ಬಳು ಕೇಳಿದಾಗ ನಾವು ಉತ್ತರ ಇಂಗ್ಲೆಂಡಿನ ವಿಂಡೊಲಾಂಡದಲ್ಲಿದ್ದೆವು. ರೋಮನ್ನರ ಕೋಟೆ ಎಂದು ದೊಡ್ಡ ಹೆಸರು. ಕಣ್ಣಿಗೆ ಬೀಳುವುದು ಮೊಂಡು ಗೋಡೆಗಳ ಸಾಲು. ಹಂಪಿ ನೋಡಿ ಬೆಳೆದವರು ಇದನ್ನು ಹಾಳು ಎಂದೂ ಕರೆಯಲಾರರು. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ, ಏಕೆಂದರೆ ಅಷ್ಟರಲ್ಲಿ ಮಾರ್ಗದರ್ಶಿ ಕಥೆ ಶುರು ಮಾಡಿದ್ದರು.

1973ರಿಂದ ಅಲ್ಲಿನ ಕೆಸರಿನಲ್ಲಿ ಅಂಚೆಕಾರ್ಡಿನಷ್ಟು ಅಗಲದ, ಮಸಿಯಲ್ಲಿ ಬರೆದ ತೆಳ್ಳನೆಯ ಮರದ ಹಲಗೆಗಳು ಸಿಗುತ್ತಿವೆ. ಒಂದರಲ್ಲಿ, ಕ್ರಿ.ಶ. 100ರ ಆಸುಪಾಸಿನಲ್ಲಿ, ಸೇನಾಧಿಕಾರಿಯೊಬ್ಬನ ಹೆಂಡತಿ ಕ್ಲಾಡಿಯಾ ಸೆವೆರಾ ತನ್ನ ಗೆಳತಿ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಪತ್ರ ಬರೆದವನು ಲಿಪಿಕಾರ. ಕೊನೆಯ ಅಕ್ಕರೆಯ ಸಾಲುಗಳು ಮಾತ್ರ ಅವಳ ಕೈಬರಹ. ಅಷ್ಟೇ, ಒಂದು ಆಮಂತ್ರಣ! ಅದೊಂದನ್ನೇ ಹಿಡಿದು ಆ ಪುಣ್ಯಾತ್ಮರು ಚಳಿಗಾಳಿಯಲ್ಲಿ ನಮ್ಮನ್ನು ಕದಲದಂತೆ ನಿಲ್ಲಿಸಿದರು.

ನನಗೆ ಹೊಟ್ಟೆ ಉರಿಯಿತು. ಹಿಂದಿನ ರಜೆಯಲ್ಲಿ ಬಾದಾಮಿಯ ಗೈಡ್ ಹದಿನೆಂಟು ಕೈಗಳ ನಟರಾಜನನ್ನು ತೋರಿಸಿ, ಫೋಟೊಗೆ ಎಲ್ಲಿ ನಿಲ್ಲಬೇಕೆಂದು ಹೇಳಿ, ಮಂಗಗಳಿವೆ, ಚೀಲ ಜೋಪಾನ ಎಂದು ಎಚ್ಚರಿಸಿ ಮುಗಿಸಿದ್ದ. ಕಪ್ಪೆ ಅರಭಟ್ಟನ ಶಾಸನ ಎಲ್ಲಿ ಎಂದರೆ, "ಅಲ್ಲಿ ನೋಡುವಂಥದ್ದು ಏನೂ ಇಲ್ಲ ಸರ್." ಸುಮಾರು 700ರ ಹೊತ್ತಿಗೆ ಕನ್ನಡದಲ್ಲಿ ತ್ರಿಪದಿ ಕೆತ್ತಿದ ಬಂಡೆ ಅದು! 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂದು ಶಾಲೆಯಲ್ಲಿ ಉರು ಹೊಡೆದವರೆಲ್ಲ ಅಲ್ಲಿಗೆ ಹೋಗಬೇಡವೇ? ಪಕ್ಕದ ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ, 634ರಲ್ಲಿ, ರವಿಕೀರ್ತಿ ಎಂಬ ಕವಿ ಪುಲಿಕೇಶಿಯ ಮುಂದೆ ಹರ್ಷನು ಸೋತದ್ದನ್ನು ಹಾಡಿ, ತಾನು ಕಾಳಿದಾಸ, ಭಾರವಿಯರಷ್ಟೇ ಕೀರ್ತಿವಂತ ಎಂದು ಬೆನ್ನು ತಟ್ಟಿಕೊಳ್ಳುತ್ತಾನೆ. ಎಂಥ ಜಂಬ! ನಮ್ಮಲ್ಲಿ ಅದನ್ನು ನಗುತ್ತ ಹೇಳುವವರಿಲ್ಲ. ಪುರಾತತ್ವ ಇಲಾಖೆಯ ನೀಲಿ ಫಲಕ ಮಾತ್ರ ಎಲ್ಲೆಡೆ ಇದೆ: 1958ರ ಸ್ಮಾರಕ ರಕ್ಷಣೆಯ ಕಾಯಿದೆ, ಹಾನಿ ಮಾಡಿದರೆ ಸೆರೆವಾಸ, ದಂಡ. ನೋಡಲು ಬಂದವನನ್ನು ಮೊದಲು ಕಳ್ಳನೆಂದು ಭಾವಿಸಿ ಗದರಿಸುವುದು ನಮ್ಮ ಸ್ವಾಗತ.

ಒಪ್ಪಿಕೊಳ್ಳಬೇಕಾದ್ದೂ ಇದೆ. ಸೆವೆರಾಳ ಪತ್ರದ ಮೂಲ ವಿಂಡೊಲಾಂಡದಲ್ಲಿ ಇಲ್ಲವೇ ಇಲ್ಲ, ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕಪ್ಪೆ ಅರಭಟ್ಟ ಕೆತ್ತಿಸಿಕೊಂಡ ಬಂಡೆಯಲ್ಲೇ ಇಂದಿಗೂ ಇದ್ದಾನೆ. ಆ ಗೈಡನನ್ನೂ ಪೂರ್ತಿ ಬೈಯಲಾರೆ. ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಮುಗಿಸಬೇಕೆಂದು ಬಸ್ ಇಳಿಯುವ ಮೊದಲೇ ಗಡಿಯಾರ ನೋಡುವವರು ನಮ್ಮವರೇ. ಅವರೆದುರು ಹಳಗನ್ನಡ ಓದಿ ಅವನು ಹೊಟ್ಟೆ ಹೊರೆದುಕೊಳ್ಳುವುದು ಹೇಗೆ?

ಆದರೂ ಆ ನೀಲಿ ಫಲಕದ ಕೆಳಗೆ ಮೂರು ಸಾಲಿನ ತ್ರಿಪದಿ ಬರೆಸಲು ಎಷ್ಟು ಬಣ್ಣ ಬೇಕು ಸ್ವಾಮಿ?